ವನೆಸಾ ಬೆಲ್: ತಂಗಿಯ ಹೆಸರಿನ ಹಿಂದೆ ಉಳಿದ ಚಿತ್ರಗಳು – ಉಡುಪಿ ಕೂಟಕ್ಕೆ ಏನು ತೋರಿಸುವುದು?

ರಥಬೀದಿ:
ನಮ್ಮ ಓದುಬಳಗದಲ್ಲಿ ವರ್ಜೀನಿಯಾ ವುಲ್ಫ್ ಓದಿ ಆಯ್ತು. ಮುಂದಿನ ಕೂಟ ಅಕ್ಕ ವನೆಸಾ ಬೆಲ್ ಬಗ್ಗೆ. ಎರಡು ಗಂಟೆ ಸಮಯ, ಒಂದು ಪ್ರೊಜೆಕ್ಟರ್, ಇಪ್ಪತ್ತು ಜನ. ಯಾರನ್ನು ಮಾತಿಗೆ ಕರೆದರೂ "ವುಲ್ಫ್‌ಳ ಅಕ್ಕ, ಚಿತ್ರ ಬರೀತಿದ್ದಳು, ಮನೆಯಲ್ಲಿ ಯಾರಿಗೆ ಯಾರು ಅಂತ ಗೊತ್ತಾಗದ ಸಂಸಾರ" ಎಂದು ಗಾಸಿಪ್ಪಿಗೆ ಇಳಿಯುತ್ತಾರೆ. ಅದು ಬೇಡ, ಕೆಲಸದ ಬಗ್ಗೆ ಬೇಕು. ಮೂರು ಪ್ರಶ್ನೆ:
ಯಾವ ಚಿತ್ರ, ಯಾವ ಕ್ರಮದಲ್ಲಿ?
ಆಕೆಯ ಮಾದರಿಯ ರಕ್ಷಾಪುಟವನ್ನು (ಪುಸ್ತಕದ ಮೇಲಿನ ಕಾಗದದ ಹೊದಿಕೆ) ಕೈಯಲ್ಲೇ ಅಚ್ಚು ಹಾಕಿ ತೋರಿಸಬಹುದೇ?
ಹಿಂದೆ ಬಿದ್ದದ್ದು ತಂಗಿಯ ನೆರಳಿನಿಂದಲೋ, ಬೇರೆ ಕಾರಣ ಉಂಟೋ?

ಮಣಿಪಾಲ ಮಸಿ:
ಮೊದಲು ಇಸವಿಗಳು, ಮತ್ತೆ ಜಗಳ ಮಾಡೋಣ.

ಹುಟ್ಟಿದ್ದು 1879ರ ಮೇ 30, ಲಂಡನ್ನಿನ ಹೈಡ್ ಪಾರ್ಕ್ ಗೇಟ್, 22ನೇ ನಂಬರ್ ಮನೆ. ತಂಗಿ ವರ್ಜೀನಿಯಾ 1882. ತಂದೆ ಲೆಸ್ಲಿ ಸ್ಟೀಫನ್ ಬ್ರಿಟನ್ನಿನ ರಾಷ್ಟ್ರೀಯ ಚರಿತ್ರಕೋಶದ ಮೊದಲ ಸಂಪಾದಕ. ತಾಯಿ ಜೂಲಿಯಾ ಹುಟ್ಟಿದ್ದು ಕಲ್ಕತ್ತೆಯಲ್ಲಿ. ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಈ ತಾಯಿಗೆ ದೊಡ್ಡಮ್ಮ. ಹಾಗಾಗಿ ಕಣ್ಣಿನ ಕಸುಬು ಮನೆತನಕ್ಕೆ ಹೊಸತಲ್ಲ.

1895ರಲ್ಲಿ ತಾಯಿ ತೀರಿಕೊಂಡರು. ಮನೆ ನೋಡಿಕೊಳ್ಳುತ್ತಿದ್ದ ಮಲಅಕ್ಕ ಸ್ಟೆಲ್ಲಾ 1897ರಲ್ಲಿ ಹೋದಳು. ಹದಿನೆಂಟರ ವನೆಸಾಳ ತಲೆಗೆ ಇಡೀ ಮನೆ ಬಂತು. ವಾರಕ್ಕೊಮ್ಮೆ ಖರ್ಚಿನ ಲೆಕ್ಕ ತಂದೆಗೆ ಒಪ್ಪಿಸಬೇಕು, ಅವರು ಹಾರಾಡುವುದನ್ನು ಬಾಯಿ ಮುಚ್ಚಿಕೊಂಡು ಕೇಳಬೇಕು. ಬೆಳಿಗ್ಗೆ ಚಿತ್ರಶಾಲೆ, ಮಧ್ಯಾಹ್ನದ ಮೇಲೆ ಬಂದವರಿಗೆ ಚಹಾ. 1896ರಲ್ಲಿ ಆರ್ಥರ್ ಕೋಪ್ ಅವರ ಶಾಲೆ, 1901ರಿಂದ ರಾಯಲ್ ಅಕಾಡೆಮಿ. ಅಲ್ಲಿ ಕಲಿಸಿದವರಲ್ಲಿ ಹೆಸರಾಂತ ಭಾವಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಒಬ್ಬರು. ತಂದೆ 1904ರಲ್ಲಿ ತೀರಿಕೊಂಡ ಮೇಲೆ ಬ್ಲೂಮ್ಸ್‌ಬರಿಯ 46, ಗಾರ್ಡನ್ ಸ್ಕ್ವೇರ್‌ಗೆ ಮನೆ ಬದಲಾಯಿಸಿದವಳು ಇವಳೇ. 1905ರಲ್ಲಿ ಚಿತ್ರಕಾರರ ಫ್ರೈಡೇ ಕ್ಲಬ್ ಕಟ್ಟಿದವಳೂ ಇವಳೇ. 1906ರಲ್ಲಿ ತಮ್ಮ ಥೋಬಿ ಟೈಫಾಯ್ಡ್‌ನಿಂದ ಹೋದ. 1907ರ ಫೆಬ್ರವರಿಯಲ್ಲಿ ಕಲಾವಿಮರ್ಶಕ ಕ್ಲೈವ್ ಬೆಲ್ ಜೊತೆ ಮದುವೆ. ಮಕ್ಕಳು ಜೂಲಿಯನ್ (1908), ಕ್ವೆಂಟಿನ್ (1910). ಆಮೇಲೆ ಜೊತೆಗಾರನಾದ ಚಿತ್ರಕಾರ ಡಂಕನ್ ಗ್ರಾಂಟ್‌ನಿಂದ ಏಂಜೆಲಿಕಾ (1918ರ ಕ್ರಿಸ್‌ಮಸ್ ದಿನ).

ಸಂಸಾರದ ಬಗ್ಗೆ ಇಷ್ಟು ಸಾಕು. ಇದರಲ್ಲಿ ಕೂಟಕ್ಕೆ ಬೇಕಾದ್ದು ಒಂದೇ: ಚಿತ್ರ ಬರೆಯುವ ಬೆಳಗಿನ ಹೊತ್ತನ್ನು ಹದಿನೆಂಟನೇ ವಯಸ್ಸಿನಿಂದ ಕೊನೆಯವರೆಗೆ ಆಕೆ ಬಿಟ್ಟುಕೊಡಲಿಲ್ಲ.

ಬಿಜೈ ಓದುಗ:
ಆ ಮನೆಯಲ್ಲಿ ಸೇರುತ್ತಿದ್ದ ಬರಹಗಾರ-ಕಲಾವಿದರ ಗುಂಪನ್ನು ಬ್ಲೂಮ್ಸ್‌ಬರಿ ಬಳಗ ಅಂತ ನಾವು ವರ್ಜೀನಿಯಾಳ ಹೆಸರಲ್ಲಿ ಹೇಳ್ತೇವೆ, ಮನೆ ಹುಡುಕಿದ್ದು ಅಕ್ಕ ಅಂತಾಯ್ತು!

ಕುಂಚ ಕೊಡಿಯಾಲಬೈಲ್:
ಮೂರನೇ ಪ್ರಶ್ನೆ ಮೊದಲು ತೆಗೆದುಕೊಳ್ಳುತ್ತೇನೆ, ಉಳಿದೆರಡು ಅದರ ಮೇಲೆ ನಿಂತಿವೆ. "ನೆರಳು" ಎಂದರೆ ತಂಗಿಗೆ ಪ್ರತಿಭೆ ಜಾಸ್ತಿ, ಅಕ್ಕನಿಗೆ ಕಡಿಮೆ ಎಂದು ಅರ್ಥ ಬರುತ್ತದೆ. ವನೆಸಾಳ ಹೆಸರು ಮಸುಕಾದದ್ದಕ್ಕೆ ಕಾರಣಗಳು ಬಹಳ ಲೌಕಿಕವಾದವು. ಒಂದೊಂದಾಗಿ ಹೇಳುತ್ತೇನೆ.

ಸಹಿ. 1913ರ ಜುಲೈಯಲ್ಲಿ ಕಲಾವಿಮರ್ಶಕ, ಚಿತ್ರಕಾರ ರೋಜರ್ ಫ್ರೈ 33, ಫಿಟ್ಜ್‌ರಾಯ್ ಸ್ಕ್ವೇರ್‌ನಲ್ಲಿ ಒಮೆಗಾ ವರ್ಕ್‌ಶಾಪ್ಸ್ (ಕಲಾವಿದರು ಮನೆಬಳಕೆಯ ಮಾಲು ಮಾಡುವ ಕಾರ್ಯಾಗಾರ) ಶುರು ಮಾಡಿದಾಗ ವನೆಸಾ ಮತ್ತು ಡಂಕನ್ ಗ್ರಾಂಟ್ ಸಹ ನಿರ್ದೇಶಕರು. ಅಲ್ಲಿನ ನಿಯಮ: ಮಾಲಿನ ಮೇಲೆ ಕಲಾವಿದರ ಹೆಸರಿಲ್ಲ, ಗ್ರೀಕ್ ಅಕ್ಷರ ಒಮೆಗಾದ ಗುರುತು ಮಾತ್ರ. ವಾರಕ್ಕೆ ಮೂರೂವರೆ ದಿನದ ಕೆಲಸಕ್ಕೆ 30 ಶಿಲ್ಲಿಂಗ್. ಪರದೆ ಬಟ್ಟೆ, ಮೇಜು, ಮಡಚುವ ಪರದೆ, ರಗ್ಗು, 1915ರಿಂದ ಉಡುಪು ಕೂಡ. 'ಮಾಡ್' ಎಂಬ ಲಿನನ್ ವಿನ್ಯಾಸ ಇವಳದ್ದು ಎಂದು ಗುರುತಿಸಿದ್ದಾರೆ. ಆದರೆ ಎಷ್ಟೋ ವಸ್ತುಗಳಲ್ಲಿ ಯಾವ ಕೈ ಯಾರದ್ದು ಎಂಬ ಚರ್ಚೆ ಇವತ್ತಿಗೂ ಮುಗಿದಿಲ್ಲ. ಆಕೆಯ ಅತ್ಯುತ್ತಮ ವರ್ಷಗಳ ದುಡಿಮೆಯಲ್ಲಿ ದೊಡ್ಡ ಪಾಲು ಹೀಗೆ ಹೆಸರಿಲ್ಲದೆ ಮಾರಾಟವಾಯಿತು. ಒಮೆಗಾ 1919ರಲ್ಲಿ ಮುಚ್ಚಿತು. ಮಾಲು ಬಾಳಿಕೆ ಬರುವುದಿಲ್ಲ ಎಂಬ ದೂರು ಆಗಲೇ ಇತ್ತು.

ಬಾಂಬು. 1940ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿನ 8, ಫಿಟ್ಜ್‌ರಾಯ್ ಸ್ಟ್ರೀಟ್‌ನ ಸ್ಟುಡಿಯೋ ಸುಟ್ಟುಹೋಯಿತು. ಆಕೆಯ ಮತ್ತು ಡಂಕನ್‌ನ ಕ್ಯಾನ್ವಾಸುಗಳು ರಾಶಿಯಾಗಿ ಹೋದವು. ಬರಹಗಾರ್ತಿಯ ಮನೆ ಸುಟ್ಟರೂ ಅಚ್ಚಾದ ಪುಸ್ತಕ ಇನ್ನೊಬ್ಬರ ಕಪಾಟಿನಲ್ಲಿ ಇರುತ್ತದೆ. ಕ್ಯಾನ್ವಾಸು ಹೋದರೆ ಹೋಯಿತು.

ಗೋಡೆ. 1916ರ ಅಕ್ಟೋಬರ್‌ನಲ್ಲಿ ಸಸೆಕ್ಸ್‌ನ ಚಾರ್ಲ್‌ಸ್ಟನ್ ತೋಟದ ಮನೆಗೆ ಹೋದದ್ದು ಡಂಕನ್ ಮತ್ತು ಗೆಳೆಯ ಡೇವಿಡ್ ಗಾರ್ನೆಟ್ ಯುದ್ಧಕ್ಕೆ ಹೋಗದೆ ಕೃಷಿಕೆಲಸ ಮಾಡುವ ಅವಕಾಶಕ್ಕಾಗಿ. ಆ ಮನೆಯ ಬಾಗಿಲು, ಒಲೆಯ ಸುತ್ತುಗೋಡೆ, ಮಂಚ, ಪೆಟ್ಟಿಗೆ ಎಲ್ಲದರ ಮೇಲೂ ಇಬ್ಬರೂ ಬಣ್ಣ ಹಾಕಿದರು. ಬಾಗಿಲನ್ನು ಪ್ರದರ್ಶನಕ್ಕೆ ಕಳುಹಿಸಲಿಕ್ಕಾಗುವುದಿಲ್ಲ. ಡಂಕನ್ 1978ರಲ್ಲಿ ತೀರಿಕೊಂಡು, ಟ್ರಸ್ಟ್ ಆಗಿ, ಮನೆ ಸಾರ್ವಜನಿಕರಿಗೆ ತೆರೆದದ್ದು 1986ರಲ್ಲಿ. ವನೆಸಾ ಸತ್ತದ್ದು 1961ರ ಏಪ್ರಿಲ್ 7. ಲೆಕ್ಕ ಹಾಕಿ.

ಜೀವನಚರಿತ್ರೆ. ಇದು ನನಗೆ ಎಲ್ಲಕ್ಕಿಂತ ವಿಚಿತ್ರ ಕಾಣುತ್ತದೆ. ಸ್ವಂತ ಮಗ ಕ್ವೆಂಟಿನ್ ಬೆಲ್ 1972ರಲ್ಲಿ ಬರೆದದ್ದು ಚಿಕ್ಕಮ್ಮನ ಜೀವನಚರಿತ್ರೆ, ಎರಡು ಸಂಪುಟ. ಆಮೇಲೆ ವರ್ಜೀನಿಯಾಳ ಪತ್ರಗಳು ಆರು ಸಂಪುಟ, ದಿನಚರಿ ಐದು ಸಂಪುಟ ಬಂದವು. ವನೆಸಾಳ ಪೂರ್ಣ ಜೀವನಚರಿತ್ರೆ ಫ್ರಾನ್ಸೆಸ್ ಸ್ಪಾಲ್ಡಿಂಗ್ ಬರೆದದ್ದು 1983ರಲ್ಲಿ, ಆಯ್ದ ಪತ್ರಗಳು ಬಂದದ್ದು 1993ರಲ್ಲಿ. ಅಷ್ಟರೊಳಗೆ ಆಕೆ ಜಗತ್ತಿಗೆ ಪರಿಚಯವಾಗಿ ಆಗಿತ್ತು, ತಂಗಿಯ ಪತ್ರಗಳಲ್ಲಿ ಬರುವ ಒಂದು ಪಾತ್ರವಾಗಿ.

ಪಡುಕಡಲು:
ಎಲ್ಲ ಒಪ್ಪಿದೆ, ಆದರೆ ದೊಡ್ಡದೊಂದನ್ನು ಬಿಟ್ಟಿರಿ ಮಾರಾಯ್ರೆ. ಚಿತ್ರಕಲೆಯ ಒಳಗೆ ಆಕೆಯನ್ನು ಹಿಂದೆ ಹಾಕಿದ್ದು ವರ್ಜೀನಿಯಾ ಅಲ್ಲ, ಡಂಕನ್ ಗ್ರಾಂಟ್. ಇಬ್ಬರೂ ಅದೇ ಹೂಕುಂಡ, ಅದೇ ಮಾಡೆಲ್, ಅದೇ ಕೋಣೆ ಎದುರಿಟ್ಟುಕೊಂಡು ಅಕ್ಕಪಕ್ಕ ಕೂತು ಬರೆದವರು. ವಿಮರ್ಶಕರು ಡಂಕನ್‌ನನ್ನು ಬ್ರಿಟನ್ನಿನ ಮುಂಚೂಣಿಯವರಲ್ಲಿ ಎಣಿಸುತ್ತಿದ್ದಾಗ ಈಕೆ ಜೊತೆಗಾರ್ತಿ. ಆಕೆಯೂ ಡಂಕನ್‌ನ ಕೈ ತನಗಿಂತ ಮೇಲೆಂದೇ ನಂಬಿದ್ದಳು.

ತಂಗಿಯ ಜೊತೆ ಹಾಗಲ್ಲ. ಚಿಕ್ಕಂದಿನಲ್ಲೇ ಪಾಲು ಆಗಿತ್ತು, ಅಕ್ಕನಿಗೆ ಬಣ್ಣ, ತಂಗಿಗೆ ಮಾತು. ಅಕ್ಕ ನಿಂತು ಚಿತ್ರ ಬರೆಯುತ್ತಾಳೆ, ತನ್ನ ಕೆಲಸವೇನು ಕಡಿಮೆಯೋ ಎಂದು ವರ್ಜೀನಿಯಾ ವರ್ಷಗಟ್ಟಲೆ ಮೂರೂವರೆ ಅಡಿ ಎತ್ತರದ ಮೇಜಿನ ಎದುರು ನಿಂತೇ ಬರೆದಳು. ಇದನ್ನು ಹೇಳಿದವನೂ ಅದೇ ಕ್ವೆಂಟಿನ್. ಮತ್ಸರ ಇದ್ದದ್ದು ಎರಡೂ ಕಡೆಗೆ. ತಂಗಿಯ ಕಡೆ ಒಂದು ತೂಕ ಹೆಚ್ಚೇ.

ಕುಂಚ ಕೊಡಿಯಾಲಬೈಲ್:
ಡಂಕನ್ ವಿಷಯದಲ್ಲಿ ನೀವು ಹೇಳಿದ್ದಕ್ಕೆ ನೇರ ಸಾಕ್ಷಿ ಉಂಟು. ಲಂಡನ್ನಿನ ಟೇಟ್ ಕಲಾಸಂಗ್ರಹದ 'ಸ್ಟಡ್‌ಲ್ಯಾಂಡ್ ಬೀಚ್' (ಸುಮಾರು 1912) ಕ್ಯಾನ್ವಾಸನ್ನು ತಿರುಗಿಸಿದರೆ ಹಿಂಬದಿಯಲ್ಲಿ ಡಂಕನ್ ಬರೆದ ಬೆತ್ತಲೆ ಗಂಡಸರ ಗುಂಪು. ಟೇಟ್‌ನವರ ದಾಖಲೆಯಲ್ಲಿ ಚಿತ್ರದ ಹೆಸರಿನ ಜೊತೆಗೇ ಅದೂ ಇದೆ. ಇಪ್ಪತ್ತನೇ ಶತಮಾನದ ಬ್ರಿಟನ್ನಿನ ಅತಿ ದಿಟ್ಟ ಚಿತ್ರಗಳಲ್ಲಿ ಒಂದು, ಅದರ ಬೆನ್ನಿಗೂ ಇನ್ನೊಬ್ಬರು!

ಕೂಟಕ್ಕೆ ಇದೇ ಚಿತ್ರದಿಂದ ಶುರು ಮಾಡಿ ರಥಬೀದಿಯವರೆ. ಹದಿನೈದು ನಿಮಿಷ ಇದೊಂದಕ್ಕೇ ಕೊಡಿ. ಏನು ನೋಡಿಸಬೇಕು ಅಂದರೆ: ಮರಳು ಮತ್ತು ನೀರಿನ ಗಡಿ ಓರೆಯಾಗಿ ಹೋಗುತ್ತದೆ. ಆಕಾಶ ಇಲ್ಲ, ದಿಗಂತವೇ ಇಲ್ಲ. ಸಮುದ್ರ ಒಂದು ನೀಲಿ ಹರವು, ಅಲೆಯೂ ಇಲ್ಲ ನೊರೆಯೂ ಇಲ್ಲ. ಎಡ ಕೆಳಮೂಲೆಯಲ್ಲಿ ಟೋಪಿ ಹಾಕಿ ಬೆನ್ನು ಕೊಟ್ಟು ಕೂತವರು; ಬಲಗಡೆ ಮೇಲಕ್ಕೆ ಬಿಳಿ ಸ್ನಾನದ ಡೇರೆ, ಅದರ ಎದುರು ಜಡೆಯ ಹೆಂಗಸು, ಅವಳೂ ನಮಗೆ ಬೆನ್ನು, ಸುತ್ತ ಬಗ್ಗಿದ ಮಕ್ಕಳು. ಒಂದು ಮುಖವೂ ಕಾಣುವುದಿಲ್ಲ. ನಡುವೆ ಅಷ್ಟಗಲ ಬರಿದು ಮರಳು. ಮಲ್ಪೆ, ಪಣಂಬೂರು ಕಂಡವರಿಗೆ ಬೀಚೆಂದರೆ ಸೂರ್ಯಾಸ್ತ, ದೋಣಿ, ತೆಂಗು. ಅದೆಲ್ಲ ತೆಗೆದಮೇಲೂ ಸಮುದ್ರತೀರ ಉಳಿಯುತ್ತದಾ ಎಂದು ಕೇಳಿ, ಜನ ತಾವಾಗಿ ಮಾತಾಡುತ್ತಾರೆ.

ಕಾಲ ಮುಖ್ಯ. ಫ್ರೈ ಗ್ರಾಫ್ಟನ್ ಗ್ಯಾಲರಿಯಲ್ಲಿ ಮಾನೆ ಮತ್ತು ಪೋಸ್ಟ್-ಇಂಪ್ರೆಷನಿಸ್ಟರ (ಸೆಜಾನ್, ವಾನ್ ಗೋ ಮೊದಲಾದ ಚಿತ್ರಕಾರರ) ಪ್ರದರ್ಶನ ಮಾಡಿದ್ದು 1910ರ ನವೆಂಬರ್. ಲಂಡನ್ ಪತ್ರಿಕೆಗಳು ಉಗಿದವು. ಎರಡನೇ ಪ್ರದರ್ಶನ 1912ರಲ್ಲಿ, ಅದರಲ್ಲಿ ವನೆಸಾಳ ನಾಲ್ಕು ಚಿತ್ರ ಇದ್ದವು. ಎರಡೇ ವರ್ಷದಲ್ಲಿ ಸಾರ್ಜೆಂಟ್‌ನ ಶಿಷ್ಯೆ ಇಲ್ಲಿಗೆ ಬಂದಳು.

ಪ್ರೊಜೆಕ್ಟರ್ ಒಂದನ್ನೇ ನಂಬಬೇಡಿ. ಪರದೆಯ ಮೇಲೆ ಎಲ್ಲ ಚಿತ್ರವೂ ಒಂದೇ ಅಳತೆ ಆಗಿಬಿಡುತ್ತದೆ. ಸ್ಟಡ್‌ಲ್ಯಾಂಡ್ 76 × 102 ಸೆಂ.ಮೀ.; ಅದೇ ವರ್ಷ ಬರೆದ ವರ್ಜೀನಿಯಾಳ ಭಾವಚಿತ್ರ, ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯದ್ದು, ಬರೀ 40 × 34. ಎರಡನ್ನೂ ನಿಜ ಅಳತೆಯಲ್ಲಿ ಪ್ರಿಂಟ್ ತೆಗೆಸಿ. ದೊಡ್ಡದಕ್ಕೆ ಎ0 ಹಾಳೆ (84 × 119) ತೆಗೆದು ಕತ್ತರಿಸಬೇಕು, ಎ1 ಸಾಕಾಗದು. ಚಿಕ್ಕದು ಎ3ಯಲ್ಲಿ ಕೂರುವುದಿಲ್ಲ, ಅಗಲ 30 ಸೆಂ.ಮೀ. ಮಾತ್ರ, ಎ2 ತೆಗೆಸಿ. ಫ್ಲೆಕ್ಸ್ ಖಂಡಿತ ಬೇಡ. ಫ್ಲೆಕ್ಸಿನ ಹೊಳಪಿಗೆ ಆಕೆಯ ಬಣ್ಣದ ಒಣಕಲು ಗುಣವೇ ಸತ್ತುಹೋಗುತ್ತದೆ. ಮ್ಯಾಟ್ ಕಾಗದ, 180 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಸಾಕು.

ಬಿಜೈ ಓದುಗ:
ಆ ವರ್ಜೀನಿಯಾ ಭಾವಚಿತ್ರದಲ್ಲಿ ಮುಖ ಒರೆಸಿದ ಹಾಗೆ ಉಂಟಲ್ವಾ? ಬೇಕೆಂದೇ ಮಾಡಿದ್ದಾ, ಮುಗಿಸದೆ ಬಿಟ್ಟದ್ದಾ?

ಕುಂಚ ಕೊಡಿಯಾಲಬೈಲ್:
ಬೇಕೆಂದೇ. ಕೈಯಲ್ಲಿ ಹೆಣಿಗೆ, ಕಿತ್ತಳೆ ಬಣ್ಣದ ಕುರ್ಚಿ, ಕಣ್ಣು-ಬಾಯಿ ಎರಡು ಮೂರು ಎಳೆತದಲ್ಲಿ. ಅದೇ ವರ್ಷ ಡೆಕ್‌ಚೇರಿನಲ್ಲಿ ಕೂತ ವರ್ಜೀನಿಯಾಳನ್ನು ಬರೆದದ್ದರಲ್ಲಿ ಮುಖದ ಜಾಗ ಖಾಲಿಯೇ. ಒರಗಿದ ಕುತ್ತಿಗೆ, ಇಳಿಬಿಟ್ಟ ಕೈ, ಅಷ್ಟರಲ್ಲೇ ಗುರುತು ಸಿಗುತ್ತದೆ. ಜಗತ್ತು ಫೋಟೋದಲ್ಲಿ ಹುಡುಕುವ ಆ ಮುಖವನ್ನು ಅಕ್ಕ ತೆಗೆದೇ ಹಾಕಿದಳು. ನೆರಳಿನ ಮಾತಾಡುವವರಿಗೆ ಇದನ್ನು ತೋರಿಸಿ.

ಉಳಿದ ಕ್ರಮ ನನ್ನ ಪ್ರಕಾರ: ಲಂಡನ್ನಿನ ಕೋರ್ಟಾಲ್ಡ್ ಗ್ಯಾಲರಿಯಲ್ಲಿರುವ 'ಎ ಕಾನ್ವರ್ಸೇಷನ್' (1913–16), ಮೂರು ಹೆಂಗಸರು ತಲೆ ಹತ್ತಿರ ತಂದು ಮಾತಾಡುವುದು; ಟೇಟ್‌ನ 'ಅಬ್‌ಸ್ಟ್ರಾಕ್ಟ್ ಪೇಂಟಿಂಗ್' (ಸುಮಾರು 1914), ಹಳದಿಯ ಮೇಲೆ ಬರೀ ಚೌಕಗಳು, ಬ್ರಿಟನ್ನಿನಲ್ಲಿ ಶುದ್ಧ ಅಮೂರ್ತ ಚಿತ್ರ ಬರೆದ ಮೊದಲ ಕೆಲವರಲ್ಲಿ ಈಕೆ ಒಬ್ಬಳು; 'ಮಿಸೆಸ್ ಸೇಂಟ್ ಜಾನ್ ಹಚಿನ್ಸನ್' (1915), ಗಂಡನ ಪ್ರೇಯಸಿಯ ಭಾವಚಿತ್ರ, ದಯೆ ಇಲ್ಲದ್ದು. ಆಮೇಲೆ ರಕ್ಷಾಪುಟಗಳು. 1920ರ ನಂತರದ ಹೂಕುಂಡ, ತೋಟದ ಚಿತ್ರಗಳಿಂದ ಎರಡು ಸಾಕು. ಅವು ಕೆಟ್ಟದ್ದಲ್ಲ, ಆದರೆ 1911ರಿಂದ 1916ರ ಧೈರ್ಯ ಅವುಗಳಲ್ಲಿ ಇಲ್ಲ. ಇದನ್ನು ಮುಚ್ಚಿಟ್ಟು ಬರೀ ಹೊಗಳಿದರೆ ಆಕೆಗೂ ನ್ಯಾಯವಲ್ಲ.

ಪಡುಕಡಲು:
ನಂತರದ ಕಾಲದಿಂದ ಒಂದನ್ನಾದರೂ ಸೇರಿಸಿ: ಕಲಾ ಇತಿಹಾಸಕಾರ ಕೆನೆತ್ ಕ್ಲಾರ್ಕ್ ದಂಪತಿಗೆ ವನೆಸಾ, ಡಂಕನ್ ಇಬ್ಬರೂ ಬರೆದುಕೊಟ್ಟ ಊಟದ ತಟ್ಟೆಗಳು, 1932–34. ವೆಜ್‌ವುಡ್ ತಟ್ಟೆಗಳ ಮೇಲೆ ಪ್ರಸಿದ್ಧ ಹೆಂಗಸರು: 12 ರಾಣಿಯರು, 12 ಸುಂದರಿಯರು, 12 ಬರಹಗಾರ್ತಿಯರು, 12 ನಟಿ-ನರ್ತಕಿಯರು, ಇಬ್ಬರು ಕಲಾವಿದರದ್ದೂ ಸೇರಿ ಒಟ್ಟು 50. ಬರಹಗಾರ್ತಿಯರ ಸಾಲಿನಲ್ಲಿ ತಂಗಿಯೂ ಇದ್ದಾಳೆ. ಈಗ ಅದು ಚಾರ್ಲ್‌ಸ್ಟನ್‌ನಲ್ಲಿದೆ.

ಅಚ್ಚುಮೊಳೆ:
ರಕ್ಷಾಪುಟದ ವಿಷಯ ಬಂದದ್ದರಿಂದ ಅಚ್ಚಿನ ಕಡೆಯಿಂದ.

ವರ್ಜೀನಿಯಾ ಮತ್ತು ಆಕೆಯ ಗಂಡ ಲೆನರ್ಡ್ ವುಲ್ಫ್ 1917ರಲ್ಲಿ ಹೋಗಾರ್ತ್ ಪ್ರೆಸ್ ಶುರು ಮಾಡಿದ್ದು ಊಟದ ಕೋಣೆಯಲ್ಲಿ, ಕೈಯಂತ್ರದಲ್ಲಿ. 1919ರ ಮೇಯಲ್ಲಿ ವರ್ಜೀನಿಯಾಳ 'ಕ್ಯೂ ಗಾರ್ಡನ್ಸ್' ಕಥೆ ಸುಮಾರು 150 ಪ್ರತಿ, ವನೆಸಾಳ ಮರದಚ್ಚಿನ ಚಿತ್ರಗಳೊಂದಿಗೆ. ಅಚ್ಚು ನೋಡಿ ಅಕ್ಕ ಸಿಟ್ಟಾದಳು. ಸಾಧಾರಣ ಮುದ್ರಕನೂ ಇದಕ್ಕಿಂತ ಚೆನ್ನಾಗಿ ಮಾಡುತ್ತಾನೆ, ಹೀಗಾದರೆ ಇನ್ನು ಚಿತ್ರ ಕೊಡುವುದಿಲ್ಲ ಎಂದಳು. 1921ರ 'ಮಂಡೇ ಆರ್ ಟ್ಯೂಸ್‌ಡೇ'ಯಲ್ಲಿ ನಾಲ್ಕು ಮರದಚ್ಚು. ಅದನ್ನು ಹೊರಗಿನ ಮುದ್ರಕರಿಗೆ ಕೊಟ್ಟರು, ಶಾಯಿ ಜಾಸ್ತಿಯಾಗಿ ಎದುರು ಪುಟಕ್ಕೆ ಅಂಟಿಕೊಂಡಿತು. ತಾವು ಹೊರತಂದ ಅತಿ ಕೆಟ್ಟ ಅಚ್ಚಿನ ಪುಸ್ತಕಗಳಲ್ಲಿ ಲೆನರ್ಡ್ ಅದನ್ನು ಎಣಿಸಿದರು.

ಯಾಕೆ ಹೀಗಾಗುತ್ತದೆ ಎಂದರೆ ಮೊಳೆಯ (ಸೀಸದ ಅಕ್ಷರದ ಅಚ್ಚಿನ) ಎತ್ತರ 0.918 ಇಂಚು, ಅಂದರೆ 23.3 ಮಿ.ಮೀ. ಮರದಚ್ಚು ಅದಕ್ಕಿಂತ ಕೂದಲೆಳೆ ತಗ್ಗಿದರೂ ಕಪ್ಪು ಬೂದಿಯಾಗಿ ಬೀಳುತ್ತದೆ. ಅದನ್ನು ಸರಿಮಾಡಲು ಶಾಯಿ ಹೆಚ್ಚಿಸಿದರೆ ಅಕ್ಷರದ ಹೊಟ್ಟೆ ತುಂಬಿ ಮುಚ್ಚುತ್ತದೆ. ವನೆಸಾಳ ಅಚ್ಚುಗಳಲ್ಲಿ ಅಗಲವಾದ ಕಪ್ಪು ಹರವುಗಳೇ ಹೆಚ್ಚು. ಅವಕ್ಕೆ ಬೇಕಾದ ಶಾಯಿ ಬೇರೆ, ಮೊಳೆಗೆ ಬೇಕಾದ್ದು ಬೇರೆ. ಒಂದೇ ಚೇಸ್‌ನಲ್ಲಿ (ಅಚ್ಚು ಬಿಗಿಯುವ ಕಬ್ಬಿಣದ ಚೌಕಟ್ಟು) ಎರಡನ್ನೂ ಕಟ್ಟಿ ಒಂದೇ ಸಲ ಹೊಡೆದರೆ ಯಾವುದಾದರೂ ಒಂದು ಹಾಳು. ದಾರಿ: ಅಚ್ಚಿನ ಅಡಿಗೆ ತೆಳು ಕಾಗದ ಕೊಟ್ಟು ಎತ್ತರ ಸರಿಮಾಡುವುದು, ಚಿತ್ರವನ್ನು ಬೇರೆಯಾಗಿ ಹೊಡೆಯುವುದು, ಹಾಳೆಗಳ ನಡುವೆ ರದ್ದಿ ಕಾಗದ ಇಡುವುದು. ಮಂಗಳೂರಿನಲ್ಲಿ ಟ್ರೆಡಲ್ ಅಚ್ಚುಯಂತ್ರ ಓಡಿಸಿದ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ವುಲ್ಫ್ ದಂಪತಿಗೆ ಆ ತರಬೇತಿ ಇರಲಿಲ್ಲ.

ರಕ್ಷಾಪುಟ 1922ರ 'ಜೇಕಬ್ಸ್ ರೂಮ್'ನಿಂದ ಶುರು. ಬಿಳಿಹಳದಿ ಕಾಗದ, ದಾಲ್ಚಿನ್ನಿ ಬಣ್ಣ, ಕಪ್ಪು. ಪರದೆ, ಮೇಜು, ಹೂದಾನಿ. ಮುಖಪುಟದಲ್ಲಿ ಚಂದದ ಹೆಂಗಸೂ ಇಲ್ಲ, ಜೇಕಬನೂ ಇಲ್ಲ, ಅವನ ಕೋಣೆಯೂ ಇಲ್ಲವೆಂದು ಪುಸ್ತಕದಂಗಡಿಯವರು ಗೊಣಗಿದರು. ಈಗ ಅದೇ ಮುಖಪುಟದ ಮೊದಲ ಮುದ್ರಣಕ್ಕೆ ಸಂಗ್ರಾಹಕರು ಕ್ಯೂ ನಿಲ್ಲುತ್ತಾರೆ. 'ಎ ರೂಮ್ ಆಫ್ ಒನ್ಸ್ ಓನ್' (1929) ಗುಲಾಬಿ ಕಾಗದಕ್ಕೆ ಕಡುನೀಲಿ. ನಡುವೆ ಗಡಿಯಾರ, ಮುಳ್ಳುಗಳು ಇಂಗ್ಲಿಷಿನ 'ವಿ' ಆಕಾರದಲ್ಲಿ. ವರ್ಜೀನಿಯಾಳದ್ದೋ ವನೆಸಾಳದ್ದೋ, ಎರಡಕ್ಕೂ ಆಗುತ್ತದೆ. ಎಷ್ಟೋ ಸಲ ಪುಸ್ತಕ ಓದದೆ, ತಂಗಿ ಹೇಳಿದ ಎರಡು ಮಾತಿನ ಮೇಲೆ ವಿನ್ಯಾಸ ಮಾಡಿದ್ದೂ ಉಂಟು.

ಬಿಜೈ ಓದುಗ:
ಅಲ್ಲಿಂದ ಮುಂದೆ ತಂಗಿಯ ಎಲ್ಲ ಪುಸ್ತಕಕ್ಕೂ ಅಕ್ಕನದ್ದೇ ಅಲ್ವಾ?

ಮಣಿಪಾಲ ಮಸಿ:
1928ರ 'ಒರ್ಲ್ಯಾಂಡೊ' ಬಿಟ್ಟು. ಹೋಗಾರ್ತ್‌ನ ಉಳಿದವೆಲ್ಲ ಆಕೆಯದ್ದು, 1941ರ ಮಾರ್ಚ್ 28ರಂದು ವರ್ಜೀನಿಯಾ ನೀರಿಗೆ ಹಾರಿ ಸತ್ತ ಮೇಲೆ ಬಂದ ಪುಸ್ತಕಗಳೂ ಸೇರಿ. 1953ರಲ್ಲಿ ಲೆನರ್ಡ್ ಸಂಪಾದಿಸಿದ ದಿನಚರಿಯ ಆಯ್ಕೆಗೂ ಆಕೆಯದ್ದೇ ರಕ್ಷಾಪುಟ.

ಎರಡು ಕಡೆಯ ಕೊಡುಕೊಳ್ಳುವಿಕೆಯನ್ನೂ ಕೂಟದಲ್ಲಿ ಹೇಳಿ. 1927ರ ಮೇಯಲ್ಲಿ ಫ್ರಾನ್ಸಿನ ಕಾಸಿಯಿಂದ ವನೆಸಾ ಬರೆದ ಪತ್ರದಲ್ಲಿ ರಾತ್ರಿ ದೀಪಕ್ಕೆ ಮುತ್ತುವ ಪತಂಗಗಳ ವರ್ಣನೆ ಇತ್ತು. ಅದರಿಂದ ಹೊರಟ ಕಾದಂಬರಿಗೆ ವರ್ಜೀನಿಯಾ ಮೊದಲು ಪತಂಗಗಳ ಹೆಸರನ್ನೇ ಇಟ್ಟಿದ್ದಳು. ಅದು 1931ರಲ್ಲಿ 'ದಿ ವೇವ್ಸ್' ಆಯಿತು. ಅದೇ ತಿಂಗಳು 'ಟು ದ ಲೈಟ್‌ಹೌಸ್' ಓದಿ, ತಾಯಿಯನ್ನು ಹೀಗೆ ಎಬ್ಬಿಸಿ ತಂದದ್ದು ನೋವಾಗುವಷ್ಟು ನಿಜವಾಗಿದೆ ಎಂದು ವನೆಸಾ ಬರೆದಳು. ಆ ಕಾದಂಬರಿಯ ಲಿಲಿ ಬ್ರಿಸ್ಕೋ ಚಿತ್ರಕಾರ್ತಿ. ಹೆಂಗಸಿಗೆ ಚಿತ್ರ ಬರೆಯಲಾಗದು ಎಂದು ಎದುರೇ ಹೇಳುವವನೊಬ್ಬ ಅದರಲ್ಲಿದ್ದಾನೆ. ಲಿಲಿಯೇ ವನೆಸಾ ಎಂದು ಸಮೀಕರಿಸಬೇಡಿ. ಲಿಲಿ ಒಂಟಿ, ವನೆಸಾಳ ಮನೆಯಲ್ಲಿ ಒಂಟಿಯಾಗಲು ಜಾಗವೇ ಇರಲಿಲ್ಲ.

1930ರ ಪ್ರದರ್ಶನಕ್ಕೆ ಮುನ್ನುಡಿ ತಂಗಿಯದ್ದು. ಈ ಚಿತ್ರಗಳು ಕಥೆ ಹೇಳುವುದಿಲ್ಲ, ಬರೆದವಳ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ ಎಂಬುದು ಅದರ ಸಾರ. ಸರಿಯಾದ ಮಾತೇ. ಆದರೆ ಆಮೇಲೆ ಬಂದವರು ಚಿತ್ರ ಬಿಟ್ಟು ಮುನ್ನುಡಿಯನ್ನೇ ಉಲ್ಲೇಖಿಸುತ್ತ ಕೂತರು.

ರಥಬೀದಿ:
ಅಚ್ಚುಮೊಳೆ ಅಣ್ಣ, ಪ್ರಾತ್ಯಕ್ಷಿಕೆಗೆ ಮರ ಕೆತ್ತುವುದು ಕಷ್ಟ ಅಲ್ವಾ? ಇಪ್ಪತ್ತು ಜನಕ್ಕೆ ಒಂದೊಂದು ರಕ್ಷಾಪುಟ ಕೊಟ್ಟು ಕಳುಹಿಸುವ ಆಸೆ. ಕೂಟ ಜುಲೈಯಲ್ಲಿ.

ಅಚ್ಚುಮೊಳೆ:
ಮರ ಬೇಡ, ಲಿನೋ (ಸುಲಭವಾಗಿ ಕೆತ್ತಬಹುದಾದ ಲಿನೋಲಿಯಂ ಹಾಳೆ) ಸಾಕು. ಜುಲೈ ಎಂದಿರಲ್ಲ, ಅದೇ ತಲೆನೋವು. ಬರೆದುಕೊಳ್ಳಿ.

ಅಳತೆ. ಡೆಮಿ 1/8 ಗಟ್ಟಿ ರಟ್ಟಿನ ಪುಸ್ತಕ, 14 × 21.5 ಸೆಂ.ಮೀ., 200 ಪುಟ, 70 ಜಿಎಸ್‌ಎಂ ಆದರೆ ಬೆನ್ನು ರಟ್ಟು ಸೇರಿ ಒಂದೂವರೆ ಸೆಂ.ಮೀ. ಬರುತ್ತದೆ. ರಟ್ಟು ಹೊರಚಾಚುವುದರಿಂದ ಎತ್ತರ 22.1 ಹಿಡಿಯಿರಿ. ಅಗಲ: ಒಳಮಡಿಕೆ 8, ಹಿಂಪುಟ 14.3, ಬೆನ್ನು 1.5, ಮುಂಪುಟ 14.3, ಒಳಮಡಿಕೆ 8, ಒಟ್ಟು 46.1. 18 × 23 ಇಂಚಿನ ಹಾಳೆಯಲ್ಲಿ ಉದ್ದದ ಕಡೆಗೆ ಮಲಗಿಸಿದರೆ ಎರಡು ರಕ್ಷಾಪುಟ ಬರುತ್ತವೆ. ಕಾಗದದ ನಾರು ಬೆನ್ನಿನ ಉದ್ದಕ್ಕೆ ಇರಬೇಕು. ಅಡ್ಡ ಬಂದರೆ ಮಡಿಕೆ ಒಡೆಯುತ್ತದೆ, ಮಳೆಗಾಲದಲ್ಲಿ ಹೊದಿಕೆ ಸುರುಳಿ ಏಳುತ್ತದೆ. ಹಾಳೆಯ ಮೂಲೆ ಎರಡೂ ಕಡೆ ಹರಿದು ನೋಡಿ, ನೇರ ಹರಿದ ಕಡೆಗೆ ನಾರು. 120 ಜಿಎಸ್‌ಎಂ, ಹೊಳಪಿಲ್ಲದ ಕೆನೆಬಣ್ಣದ ಕಾಗದ. ಆರ್ಟ್ ಪೇಪರ್ ಶಾಯಿ ಕುಡಿಯುವುದಿಲ್ಲ, ಬೆರಳಿಗೆ ಬರುತ್ತದೆ.

ಅಚ್ಚು. ಮುಂಪುಟಕ್ಕೆ ಮಾತ್ರ ಸಾಕು. 3.2 ಮಿ.ಮೀ. ಲಿನೋ, ಎರಡು ತುಂಡು, ಒಂದು ಬಣ್ಣಕ್ಕೆ ಒಂದು. ಮೊದಲು ಕಪ್ಪಿನದ್ದು ಕೆತ್ತಿ. ವಿನ್ಯಾಸವನ್ನು ಟ್ರೇಸಿಂಗ್ ಕಾಗದದಲ್ಲಿ ಬರೆದು ಮಗುಚಿ ಇಳಿಸಿ, ಇಲ್ಲದಿದ್ದರೆ ಹೆಸರು ಕನ್ನಡಿಯಲ್ಲಿ ಓದಬೇಕಾಗುತ್ತದೆ. ಕೆತ್ತಿದ್ದಕ್ಕೆ ಶಾಯಿ ಹಚ್ಚಿ ಒಂದು ಪ್ರತಿ ತೆಗೆದು, ಅದು ಹಸಿ ಇರುವಾಗಲೇ ಎರಡನೇ ಲಿನೋ ಮೇಲೆ ಒತ್ತಿ. ಗೆರೆ ಅಲ್ಲಿಗೆ ಇಳಿಯುತ್ತದೆ, ಬಣ್ಣದ ಜಾಗ ಅದನ್ನೇ ನೋಡಿಕೊಂಡು ಕೆತ್ತಿದರೆ ಎರಡೂ ಹೊಂದುತ್ತವೆ.

ಅಕ್ಷರ. ಕಂಪ್ಯೂಟರ್ ಫಾಂಟ್ ತೆಗೆದು ಅಂಟಿಸಬೇಡಿ. ವನೆಸಾ ಕೈಯಲ್ಲೇ ಬರೆದವಳು, ಅಕ್ಷರ ಸ್ವಲ್ಪ ಓಲಾಡುತ್ತದೆ, ಅದೇ ಚಂದ. ಕನ್ನಡದ್ದು ಇನ್ನೂ ಸೂಕ್ಷ್ಮ: ವ, ಪ, ಬ ಇವುಗಳ ಹೊಟ್ಟೆ 2 ಮಿ.ಮೀ.ಗಿಂತ ಕಿರಿದಾದರೆ ಶಾಯಿ ತುಂಬುತ್ತದೆ. ಒತ್ತಕ್ಷರಕ್ಕೆ ಕೆಳಗೆ ಜಾಗ ಮೊದಲೇ ಬಿಡಿ. ಗೆರೆ ಒಂದೂವರೆ ಮಿ.ಮೀ.ಗಿಂತ ತೆಳು ಆದರೆ ಕೆತ್ತುವಾಗ ಕಿತ್ತುಹೋಗುತ್ತದೆ.

ಅಚ್ಚು ಹೊಡೆಯುವುದು. ತಿಳಿಬಣ್ಣ ಮೊದಲು, ಕಪ್ಪು ಆಮೇಲೆ. ಎಣ್ಣೆ ಆಧಾರಿತ ಶಾಯಿ, ಬಣ್ಣಕ್ಕೆ 50 ಗ್ರಾಂ ಧಾರಾಳ. ಗಾಜಿನ ಮೇಲೆ ರೋಲರ್ ಉರುಳಿಸುವಾಗ ಸಣ್ಣಗೆ ಚಿರ್ ಎನ್ನಬೇಕು. ಪಚಪಚ ಎಂದರೆ ಜಾಸ್ತಿಯಾಯಿತು. ರಟ್ಟಿನ ಮೇಲೆ 'ಎಲ್' ಆಕಾರದ ತಡೆ ಅಂಟಿಸಿ, ಲಿನೋ ಮತ್ತು ಕಾಗದ ಪ್ರತಿ ಸಲ ಅದೇ ಮೂಲೆಗೆ. ಯಂತ್ರ ಬೇಡ, ಸ್ಟೀಲ್ ಸೌಟಿನ ಬೆನ್ನಲ್ಲಿ ನಡುವಿನಿಂದ ಹೊರಗೆ ತಿಕ್ಕಿ.

ಒಣಗುವುದು. ಬೇಸಿಗೆಯಲ್ಲಿ ಒಂದು ದಿನ, ಜುಲೈಯಲ್ಲಿ ಮೂರು ದಿನವಾದರೂ. ಹಾಗಾಗಿ ತಿಳಿಬಣ್ಣ ಹಿಂದಿನ ವಾರವೇ ಹೊಡೆದು ದಾರಕ್ಕೆ ತೂಗುಹಾಕಿ. ಕೂಟದಲ್ಲಿ ಕಪ್ಪು ಮಾತ್ರ ಹೊಡೆಯಿರಿ. ಜನ ಹಸಿ ಹಾಳೆಯನ್ನು ಸುತ್ತಿ ಚೀಲಕ್ಕೆ ಹಾಕುತ್ತಾರೆ, 1921ರ ಕಥೆ ಮರುಕಳಿಸುತ್ತದೆ. ನಡುವೆ ಬೆಣ್ಣೆ ಕಾಗದ ಇಟ್ಟು ರಟ್ಟಿನ ಮೇಲೆ ಚಪ್ಪಟೆಯಾಗಿ ಕೊಡಿ. ನೀರಿನ ಶಾಯಿ ಬೇಗ ಒಣಗುತ್ತದೆ ನಿಜ, ಬೆವರು ಕೈ ತಾಗಿದರೆ ಬಿಡುತ್ತದೆ.

ಕಪ್ಪಿನಲ್ಲಿ ಬಿಳಿ ಚುಕ್ಕೆ ಬಂದರೆ ಲಿನೋ ಮೇಲೆ ಜಿಡ್ಡು ಉಂಟೆಂದು ಅರ್ಥ. 400 ನಂಬರಿನ ಉಪ್ಪುಕಾಗದದಲ್ಲಿ ಹಗುರ ಉಜ್ಜಿ, ಟರ್ಪಂಟೈನ್‌ನಲ್ಲಿ ಒರೆಸಿ.

ಪಡುಕಡಲು:
ಚಾರ್ಲ್‌ಸ್ಟನ್ ಗೋಡೆಯ ಹಾಗೆ ಒಂದು ಗೋಡೆಗೂ ಬಣ್ಣ ಹಾಕಿಸಬಹುದಾ? ನಮ್ಮ ಹಳೆ ಮುರಕಲ್ಲಿನ ಮನೆಗೆ ಚಂದ ಕಂಡೀತು.

ಕುಂಚ ಕೊಡಿಯಾಲಬೈಲ್:
ಗೋಡೆಗೆ ಬೇಡ. ಅಲ್ಲಿ ಬಳಸಿದ್ದು ಅಂಟು-ಸೀಮೆಸುಣ್ಣದ ಹಿಟ್ಟಿನ ಡಿಸ್ಟೆಂಪರ್, ಅದಕ್ಕೆ ಪುಡಿಬಣ್ಣ. 1945ರಲ್ಲಿ ತೋಟದ ಕಡೆಯ ಕೋಣೆಗೆ ವನೆಸಾ ಬೂದು ಹಿನ್ನೆಲೆಯಲ್ಲಿ ಕೊರೆಯಚ್ಚಿನಿಂದ ಹಾಕಿದ ಮಾವಿನಕಾಯಿ ವಿನ್ಯಾಸವೂ ಅದೇ ಜಾತಿ. ನಮ್ಮ ಮುರಕಲ್ಲು ನೀರು ಕುಡಿಯುವ ಕಲ್ಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಳಗೋಡೆ ಬೆವರುತ್ತದೆ, ಅಂಟಿಗೆ ಬೂಸ್ಟು ಹಿಡಿಯುತ್ತದೆ, ಉಪ್ಪು ಮೇಲೆದ್ದು ಬಣ್ಣ ಪುಡಿಪುಡಿ ಉದುರುತ್ತದೆ. ಸಸೆಕ್ಸ್‌ನ ಥಂಡಿಗೇ ಆ ಬಣ್ಣ ಉಳಿಸಲು ಸಂರಕ್ಷಕರು ಹೆಣಗಿದ್ದಾರೆ, ಇನ್ನು ಇಲ್ಲಿ?

ಪ್ಲೈವುಡ್ ಹಲಗೆ ಮೇಲೆ ಮಾಡಿ. 50 ಗ್ರಾಂ ಸರೇಸು (ಬಡಗಿಯ ಅಂಟು) ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಿ. ಕುದಿಸಿದರೆ ಅಂಟಿನ ಶಕ್ತಿ ಹೋಗುತ್ತದೆ. ಒಂದೂವರೆ ಕಿಲೋ ಸೀಮೆಸುಣ್ಣದ ಪುಡಿ ಬೇರೆ ಪಾತ್ರೆಯಲ್ಲಿ ನೀರು ಕುಡಿದು ಗಟ್ಟಿ ಹಿಟ್ಟಾಗಲಿ. ಎರಡನ್ನೂ ಸೇರಿಸಿ, ನಾಲ್ಕೈದು ಹನಿ ಲವಂಗದ ಎಣ್ಣೆ ಹಾಕಿ. ಒಣಗಿದ ಮೇಲೆ ಬೆರಳಲ್ಲಿ ತಿಕ್ಕಿದರೆ ಪುಡಿ ಬಂದರೆ ಅಂಟು ಕಡಿಮೆ, ಸಿಪ್ಪೆ ಎದ್ದರೆ ಹೆಚ್ಚು. ಹಸಿಯಲ್ಲಿ ಕಡುಬಣ್ಣ, ಒಣಗಿದರೆ ಬಹಳ ತಿಳಿ. ಮೊದಲೇ ಕಾಗದದ ಚೂರಿನಲ್ಲಿ ಒಣಗಿಸಿ ನೋಡಿ.

ಹಲಗೆ ಎಂದದ್ದಕ್ಕೆ ಆಕೆಯದ್ದೇ ಮೇಲ್ಪಂಕ್ತಿ ಉಂಟು. ಚಿಚೆಸ್ಟರ್‌ನ ಬಿಷಪ್ ಜಾರ್ಜ್ ಬೆಲ್ (ಇವರಿಗೆ ನೆಂಟರಲ್ಲ) ಬರೆಸಿದ ಬರ್ವಿಕ್ ಚರ್ಚಿನ ಚಿತ್ರಗಳನ್ನು ಯುದ್ಧದ ನಡುವೆ ವನೆಸಾ, ಡಂಕನ್, ಕ್ವೆಂಟಿನ್ ಬರೆದದ್ದು ಪ್ಲಾಸ್ಟರ್ ಹಲಗೆಗಳ ಮೇಲೆ, ಚಾರ್ಲ್‌ಸ್ಟನ್ ಕೊಟ್ಟಿಗೆಯಲ್ಲಿ. ಆಮೇಲೆ ಒಯ್ದು ಚರ್ಚಿಗೆ ಜೋಡಿಸಿದರು. ಸಮರ್ಪಣೆ 1943ರ ಅಕ್ಟೋಬರ್. ಮಂಗಳವಾರ್ತೆ ಮತ್ತು ಯೇಸು ಜನನ ವನೆಸಾಳವು, ಕನ್ಯಾಮರಿಯಳಿಗೆ ಮಾದರಿ ಮಗಳು ಏಂಜೆಲಿಕಾ. ನಮ್ಮ ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಚಿತ್ರಕಾರ ಮೊಸ್ಕೇನಿ ಗೋಡೆಗೆ ಹಸಿ ಗಾರೆಯ ಮೇಲಿನ ಫ್ರೆಸ್ಕೋ, ಮಾಡಿಗೆ ಕ್ಯಾನ್ವಾಸಿನ ಮೇಲೆ ಎಣ್ಣೆಬಣ್ಣ ಎಂದು ಬೇರೆ ಬೇರೆ ಮಾಡಿದ್ದನ್ನು ಕಂಡವರಿಗೆ ವ್ಯತ್ಯಾಸ ತಕ್ಷಣ ಹೊಳೆಯುತ್ತದೆ. ಒಂದೇ ಸ್ಲೈಡಿನಲ್ಲಿ ಎರಡನ್ನೂ ಇಡಿ.

ರಥಬೀದಿ:
ಕೊನೆಯದ್ದು: ಚಿತ್ರಗಳ ಪ್ರಿಂಟ್ ತೆಗೆಸಿ ಗೋಡೆಗೆ ಹಾಕುವುದಕ್ಕೆ, ಕರಪತ್ರದಲ್ಲಿ ಬಳಸುವುದಕ್ಕೆ ಹಕ್ಕುಸ್ವಾಮ್ಯದ ತೊಂದರೆ ಉಂಟಾ?

ಮಣಿಪಾಲ ಮಸಿ:
ಭಾರತದಲ್ಲಿ ಕರ್ತೃ ಸತ್ತ ಮುಂದಿನ ವರ್ಷದಿಂದ 60 ವರ್ಷ. ವನೆಸಾ 1961, ಹಾಗಾಗಿ 2021ರ ಡಿಸೆಂಬರ್‌ಗೆ ಮುಗಿಯಿತು. ವರ್ಜೀನಿಯಾ 1941, ಆಕೆಯದ್ದು 2001ಕ್ಕೇ ಮುಗಿದಿತ್ತು. ಮೊದಲು 50 ವರ್ಷ ಇದ್ದದ್ದನ್ನು 60 ಮಾಡಿದ್ದು 1991ರ ಕೊನೆಗೆ, ಅದೇ 1941ರಲ್ಲಿ ತೀರಿಕೊಂಡ ಟಾಗೋರರ ಕೃತಿಗಳಿಗಾಗಿ. ವರ್ಜೀನಿಯಾಳೂ ಅದರಲ್ಲಿ ಸೇರಿಹೋದಳು. ಅಂತೂ ತಂಗಿಯ ಮಾತು ಇಲ್ಲಿ ಯಾರು ಬೇಕಾದರೂ ಅಚ್ಚು ಹಾಕಬಹುದಾದ ಇಪ್ಪತ್ತು ವರ್ಷದ ನಂತರ ಅಕ್ಕನ ಚಿತ್ರಕ್ಕೆ ಆ ಬಿಡುಗಡೆ. ಕುಂಚದವರ ಪಟ್ಟಿಗೆ ಇದನ್ನೂ ಸೇರಿಸಿ.

ಬ್ರಿಟನ್ನಿನಲ್ಲಿ 70 ವರ್ಷ, ಅಲ್ಲಿ 2031ರ ಕೊನೆವರೆಗೆ ಹಕ್ಕು ಉಂಟು. ಉಡುಪಿಯ ಗೋಡೆಗೆ, ಕರಪತ್ರಕ್ಕೆ ತೊಂದರೆ ಕಾಣುವುದಿಲ್ಲ. ಜಾಲತಾಣಕ್ಕೆ ಹಾಕುವಾಗ ಜಾಗ್ರತೆ, ಅದು ಅಲ್ಲಿಯೂ ತೆರೆಯುತ್ತದೆ. ಮ್ಯೂಸಿಯಂ ಜಾಲತಾಣದ ಫೋಟೋಗಳಿಗೆ ಅವರದ್ದೇ ಷರತ್ತುಗಳಿರುತ್ತವೆ, ಇಳಿಸಿಕೊಳ್ಳುವ ಮೊದಲು ಓದಿ. ಡಂಕನ್ ಗ್ರಾಂಟ್‌ನದ್ದು ಇಲ್ಲಿಯೂ 2038ರವರೆಗೆ ಉಂಟು. ಆದ್ದರಿಂದ ಸ್ಟಡ್‌ಲ್ಯಾಂಡ್‌ನ ಬೆನ್ನಿನ ಚಿತ್ರವನ್ನು ಕರಪತ್ರದಲ್ಲಿ ಹಾಕಬೇಡಿ, ಮುಂಬದಿ ಮಾತ್ರ.

ರಥಬೀದಿ:
ಸರಿ, ಮುಂಬದಿ ಮಾತ್ರ. ಕಾಗದ ಈ ವಾರವೇ ತರಿಸುತ್ತೇನೆ. ಅಚ್ಚುಮೊಳೆ ಅಣ್ಣ, ನಾರಿನ ದಿಕ್ಕು ಕೇಳಿದರೆ ಅಂಗಡಿಯವರಿಗೆ ಗೊತ್ತಿರುತ್ತದಾ?

ಅಚ್ಚುಮೊಳೆ:
ಬಂಡಲಿನ ಚೀಟಿಯಲ್ಲಿ ಎರಡು ಅಳತೆ ಇರುತ್ತದೆ. ಸಾಮಾನ್ಯವಾಗಿ ಎರಡನೆಯದ್ದರ ದಿಕ್ಕಿಗೆ ನಾರು. ನಿಮಗೆ 23 × 18 ಎಂದು ಬರೆದದ್ದು ಬೇಕು. ನಂಬಬೇಡಿ, ಒಂದು ಹಾಳೆ ಹರಿದೇ ನೋಡಿ.